ಬೆಟ್ಟದ ರಸ್ತೆಗೆ ಹಳೇ ಕಾರು

ಫೆಬ್ರವರಿ 3

ಅಳಿಯನಿಗೆ ಪ್ರೀತಿಯಿಂದ,

ಫೋನಿನಲ್ಲೇ ಹೇಳೋಣವೆಂದರೆ ಗುಬ್ಬಿ ನಿನ್ನ ಕೈಗೆ ಫೋನು ಕೊಡುವುದೇ ಇಲ್ಲ. ಅವಳ ಶಾಲೆ, ಅವಳ ಅಲುಗಾಡುವ ಹಲ್ಲು, ಪಕ್ಕದ ಮನೆಯ ಬೆಕ್ಕು, ಇಷ್ಟೂ ಮುಗಿಯುವ ಹೊತ್ತಿಗೆ ನಿನ್ನ ಅತ್ತೆ ಫೋನು ಕಿತ್ತುಕೊಂಡು "ಮಾತ್ರೆ ತಗೊಂಡ್ಯಾ, ಊಟ ಮಾಡಿದ್ಯಾ" ಎಂದು ಶುರು ಮಾಡುತ್ತಾಳೆ. ಹಾಗಾಗಿ ಕಾಗದ. ಅಲ್ಲದೆ ನಾನು ಕೇಳಬೇಕಾಗಿರುವುದು ಗೀಚಿ ತೋರಿಸಬೇಕಾದ ವಿಷಯ.

ವಿಷಯ ನಮ್ಮ ಹಳೇ ಕಾರು ಡುಮ್ಮಿಯದು. ಹಲ್ಲಿನ ಕ್ಲಿನಿಕ್ಕನ್ನು ಚಿಕ್ಕ ಡಾಕ್ಟರಿಗೆ ಬಿಟ್ಟುಕೊಟ್ಟ ಮೇಲೆ ನನಗೆ ಬೆಳಗಾದರೆ ಕಾರಿನ ಶೆಡ್ಡೇ ಗತಿ. ಎಂಜಿನ್ ಈಗಲೂ ಗುಂಡುಕಲ್ಲಿನ ಹಾಗಿದೆ, ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಆದರೆ ಓಡಿಸುವುದು ಕಾರನ್ನೋ ದೋಣಿಯನ್ನೋ ಎಂದು ಅನುಮಾನ. ತಿರುವು ಬಂದರೆ ಸಾಕು, ಇಡೀ ಮೈ ಹೊರಗಡೆಗೆ ವಾಲುತ್ತದೆ. ಹಳ್ಳಕ್ಕೆ ಇಳಿದರೆ ಮೂರು ನಾಲ್ಕು ಸಲ ಕುಣಿದ ಮೇಲೇ ಸುಮ್ಮನಾಗುವುದು. ಸ್ಟೀರಿಂಗ್ ತಿರುಗಿಸಿದರೆ ಯೋಚನೆ ಮಾಡಿ ತಿರುಗುತ್ತದೆ.

ಹೋದ ಭಾನುವಾರ ನಿನ್ನ ಅತ್ತೆಯನ್ನು ಪುಸಲಾಯಿಸಿ ಕೂರಿಸಿಕೊಂಡು ಬೆಟ್ಟದ ರಸ್ತೆ ಹತ್ತಿದೆ. ನಿಮ್ಮೂರಿಗೇ ಹೋಗಿಬಿಡೋಣ, ಗುಬ್ಬಿಯನ್ನು ನೋಡಿಕೊಂಡು ಬರೋಣ ಎಂದು ಬ್ಯಾಗೂ ಹಾಕಿಕೊಂಡಿದ್ದೆವು. ಎರಡು ತಿರುವು ದಾಟಿದ್ದೇ ತಡ, ಅವಳ ಮುಖ ಬಿಳಿಚಿಕೊಂಡಿತು. "ನಿಲ್ಸಿ, ನಿಲ್ಸಿ" ಎಂದಳು. ಇಳಿದು ರಸ್ತೆ ಬದಿಯ ಕಲ್ಲಿನ ಮೇಲೆ ಕೂತವಳು ಮತ್ತೆ ಹತ್ತಲೇ ಇಲ್ಲ. ನಾನು ಕಾರು ತಿರುಗಿಸಿಕೊಂಡು ಅವಳ ಪಕ್ಕದಲ್ಲೇ ನಿಧಾನವಾಗಿ ಇಳಿಸಿದೆ, ಅವಳು ಕಾಲ್ನಡಿಗೆಯಲ್ಲೇ ಬುಡದವರೆಗೂ ಬಂದಳು. ನೋಡಿದವರು ಗಂಡಹೆಂಡಿರು ಜಗಳವಾಡಿದ್ದಾರೆ ಅಂದುಕೊಂಡಿರಬೇಕು.

ಬಸ್ಸಿಗಂತೂ ಅವಳು ಹತ್ತುವುದಿಲ್ಲ. ನಮ್ಮೂರಿಗೆ ರೈಲಿಲ್ಲ. ಗುಬ್ಬಿಯನ್ನು ಬಸ್ಸಿನಲ್ಲಿ ಕರೆತಂದು ಅವಳು ದಾರಿಯುದ್ದಕ್ಕೂ ವಾಂತಿ ಮಾಡಿಕೊಳ್ಳುವುದನ್ನು ನೀನು ಎಷ್ಟು ಸಲ ಅಂತ ನೋಡುತ್ತೀಯ? ಅದಕ್ಕೆ ನಾನು ತೀರ್ಮಾನ ಮಾಡಿದ್ದೇನೆ. ಡುಮ್ಮಿಯ ಸಸ್ಪೆನ್ಷನ್ ಪೂರ್ತಿ ಬದಲಾಯಿಸಿ, ಆ ಬೆಟ್ಟವನ್ನು ನೆಟ್ಟಗೆ ದಾಟುವ ಹಾಗೆ ಮಾಡಬೇಕು. ರೈಲ್ವೆ ವರ್ಕ್‌ಶಾಪಿನಲ್ಲಿ ಅಷ್ಟು ದೊಡ್ಡ ಬೋಗಿಗಳ ಸ್ಪ್ರಿಂಗ್ ನೋಡಿಕೊಳ್ಳುವ ಅಳಿಯನಿದ್ದಾನೆ, ನನಗೇನು ಭಯ! ಎಲ್ಲಿಂದ ಶುರು ಮಾಡಲಿ, ಬರೆ.

ನಿನ್ನ ಮಾವ

(ಗುಬ್ಬಿಯ ಹಲ್ಲನ್ನು ನಾಲಗೆಯಿಂದ ತಳ್ಳುತ್ತಿರಲು ಹೇಳು. ದಾರ ಕಟ್ಟಿ ಎಳೆಯುವ ಸಾಹಸ ಬೇಡ. ಅದು ವೈದ್ಯನಾಗಿ ಹೇಳುತ್ತಿರುವುದು.)

ಫೆಬ್ರವರಿ 19

ಪೂಜ್ಯ ಮಾವನವರಿಗೆ,

ನಿಮ್ಮ ಕಾಗದ ಓದಿ ವರ್ಕ್‌ಶಾಪಿನಲ್ಲೇ ನಕ್ಕುಬಿಟ್ಟೆ. ಅತ್ತೆ ನಡೆದು ಇಳಿದರು ಎಂದಾಗ ಮಾತ್ರ ನಗು ನಿಂತಿತು.

ಮೊದಲು ಒಂದು ಮಾತು, ಮಾವ: ಒಂದೇ ಸಲ ಎಲ್ಲ ಬದಲಾಯಿಸಬೇಡಿ. ಯಾವುದು ಕೆಟ್ಟಿದೆ ಎಂದು ಗೊತ್ತಿಲ್ಲದೆ ಎಲ್ಲವನ್ನೂ ಕಿತ್ತರೆ ಕೊನೆಗೆ ಯಾವುದರಿಂದ ಸರಿಯಾಯಿತು ಎಂದೂ ಗೊತ್ತಾಗುವುದಿಲ್ಲ. ನೀವೇ ಹೇಳುತ್ತಿದ್ದಿರಲ್ಲ, ಹಲ್ಲುನೋವು ಎಂದು ಬಂದವರ ಎಲ್ಲ ಹಲ್ಲನ್ನೂ ಕೀಳಲಾಗುವುದಿಲ್ಲ ಎಂದು.

ಬುಷ್‌ಗಳಿಂದ ಶುರು ಮಾಡಿ. ಚಕ್ರವನ್ನು ಹಿಡಿದಿರುವ ತೋಳುಗಳು ಕಾರಿನ ಅಡಿಯ ಚೌಕಟ್ಟಿಗೆ ಸೇರುವ ಕಡೆ ರಬ್ಬರಿನ ಬಳೆಗಳಿರುತ್ತವೆ. ಇಷ್ಟು ವರ್ಷದಲ್ಲಿ ಅವು ಒಣಗಿ ಬಿರುಕು ಬಿಟ್ಟಿರುತ್ತವೆ. ಸ್ಟೀರಿಂಗ್ ಯೋಚನೆ ಮಾಡಿ ತಿರುಗುವುದಕ್ಕೆ ಅರ್ಧ ಕಾರಣ ಅವೇ. ಹೊಸದು ಹಾಕಿದ ಮೇಲೆ ಬೋಲ್ಟುಗಳನ್ನು ಪೂರ್ತಿ ಬಿಗಿಯುವುದು ಕಾರು ನೆಲದ ಮೇಲೆ ತನ್ನ ಭಾರದಲ್ಲಿ ನಿಂತ ಮೇಲೆ ಮಾತ್ರ. ಜ್ಯಾಕ್ ಮೇಲೆ ಚಕ್ರ ನೇತಾಡುವಾಗ ಬಿಗಿದರೆ, ಇಳಿಸಿದ ತಕ್ಷಣ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಇದನ್ನು ಗ್ಯಾರೇಜಿನವರು ಅವಸರದಲ್ಲಿ ಮರೆಯುತ್ತಾರೆ, ನೀವು ನಿಂತು ಮಾಡಿಸಿ.

ಆಮೇಲೆ ಶಾಕ್ ಅಬ್ಸಾರ್ಬರ್. ಹಳ್ಳಕ್ಕೆ ಇಳಿದು ಮತ್ತೆ ಮತ್ತೆ ಕುಣಿಯುತ್ತದೆ ಎಂದರೆ ಒಳಗಿನ ಎಣ್ಣೆ ಯಾವತ್ತೋ ಸೋರಿಹೋಗಿದೆ. ಹಿಂದಿನ ಚಕ್ರಗಳ ಮೇಲೆ ಭಾರ ಹೊರುವ ಕಮಾನು ಪಟ್ಟಿಗಳನ್ನೂ ಮುಂದಿನ ಸ್ಪ್ರಿಂಗುಗಳನ್ನೂ ಈಗ ಮುಟ್ಟಬೇಡಿ. ಇಷ್ಟಾದ ಮೇಲೆ ಓಡಿಸಿ ನೋಡಿ ಬರೆಯಿರಿ.

ಗುಬ್ಬಿಯ ಹಲ್ಲು ಶಾಲೆಯಲ್ಲೇ ಬಿತ್ತು. ಕಾಗದದಲ್ಲಿ ಸುತ್ತಿ ತಂದು, "ಅಜ್ಜನಿಗೆ ಕಳಿಸು, ಪರೀಕ್ಷೆ ಮಾಡಲಿ" ಎಂದು ಕೊಟ್ಟಿದ್ದಾಳೆ. ಇದರೊಡನೆ ಇಟ್ಟಿದ್ದೇನೆ, ಕ್ಷಮಿಸಿ.

ಅವಳು ಈಗ ಚೆನ್ನಾಗಿ ಊಟ ಮಾಡುತ್ತಾಳೆ. ಜಡೆ ಹಾಕಿಸಿಕೊಳ್ಳಲು ಗಲಾಟೆ ಮಾಡುವುದಿಲ್ಲ. ನನಗೆ ಜಡೆ ಹಾಕಲು ಬರುವುದಿಲ್ಲ ಎಂದು ನಿಮಗೆ ಗೊತ್ತು. ಇನ್ನೊಂದು ಸಲ ಬರೆಯುತ್ತೇನೆ.

ನಿಮ್ಮ ಅಳಿಯ

ಮಾರ್ಚ್ 21

ಅಳಿಯನಿಗೆ,

ಹಲ್ಲು ತಲುಪಿತು. ಅತ್ಯುತ್ತಮ ಹಲ್ಲು. ವರದಿಯನ್ನು ಗುಬ್ಬಿಗೆ ಬೇರೆ ಲಕೋಟೆಯಲ್ಲಿ ಕಳಿಸುತ್ತಿದ್ದೇನೆ, ಸಹಿ ಮುದ್ರೆ ಸಮೇತ.

ಬುಷ್‌ಗಳ ಕಥೆ ಕೇಳು. ಬಸ್ ನಿಲ್ದಾಣದ ಹಿಂದೆ ಕಮಾನು ಅಂಗಡಿ ಇದೆಯಲ್ಲ, ಲಾರಿಗಳ ಪಟ್ಟಿ ರಿಪೇರಿ ಮಾಡುವವನು, ಅವನೇ ಈಗ ನನ್ನ ಪಾಲಿನ ಡಾಕ್ಟರು. ಹಿಂದೆ ಅವನ ದವಡೆ ಹಲ್ಲು ಕಿತ್ತಿದ್ದೆ. ಬುಷ್ ಹೊರಗೆ ಬರದೆ ಇಬ್ಬರೂ ಬೆವರಿದಾಗ, "ಸಾರ್, ಅವತ್ತು ನನ್ನ ಬಾಯಲ್ಲಿ ಕಾಲಿಟ್ಟು ಎಳೆದ್ರಲ್ಲ, ಹಾಗೆ ಎಳೀರಿ" ಎಂದ. ನಾನು ಯಾರ ಬಾಯಲ್ಲೂ ಕಾಲಿಟ್ಟಿಲ್ಲ. ಆದರೆ ಅಂಗಡಿಯವರೆಲ್ಲ ನಕ್ಕಿದ್ದರಿಂದ ನಾನೂ ನಕ್ಕೆ. ನೀನು ಹೇಳಿದಂತೆ ಕಾರನ್ನು ನೆಲಕ್ಕಿಳಿಸಿದ ಮೇಲೇ ಬೋಲ್ಟು ಬಿಗಿಸಿದೆ. ಅವನಿಗೂ ಆ ವಿಷಯ ಗೊತ್ತಿತ್ತು, ಸಂತೋಷವಾಯಿತು.

ಸ್ಟೀರಿಂಗ್ ಹೇಳಿದ ಮಾತು ಕೇಳತೊಡಗಿತು! ಆ ಉಮೇದಿನಲ್ಲೇ ನಾನು ಒಂದು ಹೆಜ್ಜೆ ಮುಂದೆ ಹೋದೆ. ಮುಂದೆ ಅಂದರೆ ತಪ್ಪು ದಾರಿಯಲ್ಲಿ ಮುಂದೆ. ವಾಲುವುದು ನಿಲ್ಲಬೇಕಾದರೆ ಗಟ್ಟಿ ಮಾಡಿದರಾಯಿತಲ್ಲ ಎಂದು ಹಿಂದಿನ ಕಮಾನಿಗೆ ಒಂದು ಪಟ್ಟಿ ಜಾಸ್ತಿ ಸೇರಿಸಿ, ಜೀಪಿನ ಶಾಕ್ ಅಬ್ಸಾರ್ಬರ್ ಕೂರಿಸಿಬಿಟ್ಟೆ. ಅಂಗಡಿಯವನು "ಬೇಡ ಸಾರ್, ಹಗುರದ ಗಾಡಿ" ಎಂದ. ನಾನು ಕೇಳಬೇಕಲ್ಲ.

ನೆಟ್ಟಗಿನ ರಸ್ತೆಯಲ್ಲಿ ರಾಜನ ಹಾಗೆ ಹೋಯಿತು. ಬೆಟ್ಟದ ಮೊದಲ ತಿರುವಿನಲ್ಲಿ ಟಾರು ಕಿತ್ತುಹೋದ ಜಾಗವಿದೆ. ಅಲ್ಲಿ ಹಿಂದಿನ ಚಕ್ರ ಹಾರಿತು. ಹಾರಿದ್ದು ನೆಲಕ್ಕೆ ಬರುವಷ್ಟರಲ್ಲಿ ಹಿಂಭಾಗ ಪಕ್ಕಕ್ಕೆ ಸರಿದು, ಕಾರು ಅಡ್ಡಡ್ಡ ಹೋಗಿ ಚರಂಡಿಯ ಅಂಚಿನಲ್ಲಿ ನಿಂತಿತು. ಎದುರಿಗೆ ಯಾರೂ ಬರಲಿಲ್ಲ, ಬಚಾವು. ಒಬ್ಬನೇ ಇದ್ದೆ, ಅದೂ ಬಚಾವು. ಇಳಿದು ನಾಲ್ಕೂ ಚಕ್ರ ನೋಡಿಕೊಂಡು ವಾಪಸ್ಸು ಬಂದೆ.

ನಿನ್ನ ಅತ್ತೆಗೆ ಹೇಳಿರಲಿಲ್ಲ. ಬಾಗಿಲಿಗೆ ಅಂಟಿದ್ದ ಕೆಸರು ನೋಡಿ ಅವಳೇ ಕೇಳಿದಳು. "ಮೊದಲು ದೋಣಿ ಆಗಿತ್ತು, ಈಗ ಕುದುರೆ ಮಾಡಿಟ್ಟಿದ್ದೀರಿ. ಕಾರು ಯಾವಾಗ ಮಾಡ್ತೀರಿ?" ಎಂದು ಒಳಗೆ ಹೋದಳು. ಆಮೇಲೆ ಟೀ ತಂದುಕೊಟ್ಟಾಗ ಅವಳ ಕಣ್ಣು ಕೆಂಪಾಗಿತ್ತು.

ಬಯ್ಯುವುದಿದ್ದರೆ ಬಯ್ದುಬಿಡು. ಆದರೆ ದಾರಿ ತೋರಿಸು.

ನಿನ್ನ ಮಾವ

ಏಪ್ರಿಲ್ 2

ಪೂಜ್ಯ ಮಾವನವರಿಗೆ,

ನಿಮಗೆ ಬಯ್ಯುವಷ್ಟು ದೊಡ್ಡವನು ನಾನಲ್ಲ. ಆದರೆ ಈ ಒಂದು ಮಾತು ಕೇಳಿ. ದಯವಿಟ್ಟು ಆ ಪಟ್ಟಿಯನ್ನೂ ಜೀಪಿನ ಸಾಮಾನನ್ನೂ ಇವತ್ತೇ ಬಿಚ್ಚಿಸಿ. ಅಲ್ಲಿಯವರೆಗೆ ಕಾರು ಹೊರಗೆ ತೆಗೆಯಬೇಡಿ. ನನಗೆ ನೀವು ಬೇಕು, ಮಾವ. ಗುಬ್ಬಿಗೂ ಬೇಕು.

ಗಟ್ಟಿ ಮಾಡಿದರೆ ಹಿಡಿತ ಬರುತ್ತದೆ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಹಿಡಿತ ಇರುವುದು ಟೈರು ನೆಲಕ್ಕೆ ತಾಗಿರುವಷ್ಟು ಹೊತ್ತು ಮಾತ್ರ. ಕಮಾನು ಬಿಗಿಯಾದರೆ ಚಕ್ರ ಹಳ್ಳದೊಳಗೆ ಇಳಿಯದೆ ಮೇಲಿಂದ ಹಾರುತ್ತದೆ. ಹಾರಿದ ಚಕ್ರಕ್ಕೆ ತಿರುವೂ ಗೊತ್ತಿಲ್ಲ, ಬ್ರೇಕೂ ಗೊತ್ತಿಲ್ಲ. ಸ್ಪ್ರಿಂಗಿನ ಕೆಲಸ ಭಾರ ಹೊರುವುದು. ಶಾಕ್ ಅಬ್ಸಾರ್ಬರ್ ಕೆಲಸ ಕುಣಿತವನ್ನು ತಣಿಸುವುದು. ವಾಲುವುದನ್ನು ತಡೆಯಲು ಬೇರೆಯದೇ ಒಂದು ಸಾಮಾನು ಬೇಕು, ನಿಮ್ಮ ಡುಮ್ಮಿಗೆ ಕಂಪನಿಯವರು ಅದನ್ನು ಕೊಟ್ಟೇ ಇಲ್ಲ.

ಅದು ಒಂದು ಅಡ್ಡ ಸರಳು. ಎರಡು ತುದಿಯನ್ನೂ ಹಿಂದಕ್ಕೆ ಬಗ್ಗಿಸಿದ ಉಕ್ಕಿನ ಸರಳು, ಮುಂದಿನ ಎಡ ಚಕ್ರದ ತೋಳಿನಿಂದ ಬಲ ಚಕ್ರದ ತೋಳಿಗೆ. ಎರಡೂ ಚಕ್ರ ಒಟ್ಟಿಗೆ ಏರಿಳಿದರೆ ಅದು ಸುಮ್ಮನೆ ಜೊತೆಗೆ ಏರಿಳಿಯುತ್ತದೆ, ಹಾಗಾಗಿ ಗಾಡಿ ಒರಟಾಗುವುದಿಲ್ಲ. ತಿರುವಿನಲ್ಲಿ ಒಂದು ಕಡೆ ಕುಸಿದು ಇನ್ನೊಂದು ಕಡೆ ಎದ್ದಾಗ ಮಾತ್ರ ಸರಳು ತಿರುಚಿಕೊಳ್ಳಬೇಕಾಗುತ್ತದೆ, ಅದಕ್ಕದು ಒಪ್ಪುವುದಿಲ್ಲ, ಎರಡನ್ನೂ ಸಮಕ್ಕೆ ಎಳೆಯುತ್ತದೆ. ವಾಲುವುದು ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ನೀವು ಮೊನ್ನೆ ಫೋನಿನಲ್ಲಿ ಗುಬ್ಬಿಗೆ ಒಪ್ಪಿಸಿದ ಕಾರಿನಡಿಯ ಅಳತೆಗಳನ್ನು ಅವಳು ತಪ್ಪಿಲ್ಲದೆ ಬರೆದುಕೊಂಡಿದ್ದಳು. ಅವುಗಳ ಪ್ರಕಾರ ನಕ್ಷೆ ಮಾಡಿಸಿ ಕಳಿಸಿದ್ದೇನೆ. ಸರಳನ್ನು ಕುಲುಮೆಯಲ್ಲಿ ಕಾಯಿಸಿ ಬಗ್ಗಿಸಿದ ಮೇಲೆ ಮತ್ತೆ ಹದ ಕೊಡಲೇಬೇಕು, ಕಮಾನು ಅಂಗಡಿಯವರಿಗೆ ಅದು ದಿನದ ಕೆಲಸ. ಹಿಂದಿನ ಪಟ್ಟಿಗಳನ್ನು ಹಳೆಯ ಲೆಕ್ಕಕ್ಕೇ ತಂದು, ಕುಸಿದ ಬಾಗನ್ನು ಮಾತ್ರ ಸರಿ ಮಾಡಿಸಿ. ಮಧ್ಯಮ ಬಿಗಿಯ ಶಾಕ್ ಅಬ್ಸಾರ್ಬರ್‌ಗಳನ್ನು ನಾನೇ ಪಾರ್ಸೆಲ್ ಮಾಡುತ್ತಿದ್ದೇನೆ.

ಅತ್ತೆಯವರಿಗೆ ನನ್ನ ನಮಸ್ಕಾರ. ಅವರಿಗೆ ತಲೆಸುತ್ತು ಬರಲು ಆ ರಸ್ತೆಯ ತಿರುವುಗಳಷ್ಟೇ ಕಾರಣವೋ ಏನೋ ನನಗೆ ಗೊತ್ತಿಲ್ಲ. ಕೊನೆಯ ಸಲ ಅವರು ಆ ರಸ್ತೆಯಲ್ಲಿ ಬಂದದ್ದು ಆಸ್ಪತ್ರೆಗೆ.

ನಿಮ್ಮ ಅಳಿಯ

ಏಪ್ರಿಲ್ 16

ಅಳಿಯನಿಗೆ,

ಪಟ್ಟಿ ಬಿಚ್ಚಿಸಿದೆ, ಜೀಪಿನ ಸಾಮಾನು ಜೀಪಿಗೆ ಹೋಯಿತು. ನಿನ್ನ ಪಾರ್ಸೆಲ್ ಬಂತು. ಈ ಸಲ ನೀನು ಹೇಳಿದ್ದಕ್ಕಿಂತ ಒಂದು ನಟ್ಟೂ ಆಚೀಚೆ ಇಲ್ಲ.

ನಿನಗೆ ಹೇಗೆ ಥ್ಯಾಂಕ್ಸ್ ಹೇಳುವುದೋ ತಿಳಿಯದು. ಮಗಳು ಹೋದ ಮೇಲೆ ಅಳಿಯ ಅನ್ನುವ ಸಂಬಂಧ ಯಾವ ಬೋಲ್ಟಿನ ಮೇಲೆ ನಿಂತಿರುತ್ತದೆ? ನೀನು ಬಿಟ್ಟುಬಿಟ್ಟಿದ್ದರೆ ಕೇಳುವವರಿರಲಿಲ್ಲ. ಆದರೂ ಪ್ರತಿ ಭಾನುವಾರ ಫೋನು ಮಾಡುತ್ತೀಯ. ಮುದುಕನ ಹುಚ್ಚಾಟಕ್ಕೆ ಪುಟಗಟ್ಟಲೆ ಉತ್ತರ ಬರೆಯುತ್ತೀಯ. ಇದನ್ನು ಎದುರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ, ಕಾಗದದ ಮೇಲಾದರೂ ಇರಲಿ.

ಇನ್ನು ನಕ್ಷೆ. ಕಮಾನು ಅಂಗಡಿಯವನು ಅದನ್ನು ಗೋಡೆಗೆ ಅಂಟಿಸಿಕೊಂಡಿದ್ದಾನೆ. "ಇಂಥ ನಕ್ಷೆ ಕೊಟ್ರೆ ಕಣ್ಣುಮುಚ್ಚಿ ಕೆಲಸ ಮಾಡ್ಬಹುದು ಸಾರ್" ಎನ್ನುತ್ತಾನೆ. ಪ್ರತಿ ಬಾಗಿಗೂ ಅಳತೆ, ಪ್ರತಿ ತೂತಿಗೂ ಬಾಣದ ಗುರುತು. ಮೂಲೆಯಲ್ಲಿ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದಿದೆ: "ಮುಂದಿನ ಸೀಟಿನಲ್ಲಿ ಅಮ್ಮ ಕೂರುವುದರಿಂದ ಎಡಗಡೆ ನಟ್ಟು ಎರಡು ಸಲ ಪರೀಕ್ಷಿಸಿ."

ನಿನ್ನ ಅಕ್ಷರ ನನಗೆ ಗೊತ್ತಪ್ಪ, ಕೋಳಿ ಕೆದರಿದ ಹಾಗಿರುತ್ತದೆ. ಇದು ನಿನ್ನ ಕೈಯಲ್ಲ. ಕಾಣದ ಊರಿನ, ಕಾಣದ ಮುದುಕಿಯ ಬಗ್ಗೆ ಅಷ್ಟು ಕಾಳಜಿ ಮಾಡಿದ ಆ ಪುಣ್ಯಾತ್ಮರು ಯಾರು? ಗುಬ್ಬಿಗೆ ಜಡೆ ಹಾಕುವ ಕೈಯೂ ಇದೇ ಇರಬಹುದೇ? ಸುಮ್ಮನೆ ಕೇಳಿದೆ. ಹೇಳಲು ಮನಸ್ಸಿಲ್ಲದಿದ್ದರೆ ಸ್ಪ್ರಿಂಗಿನ ವಿಷಯವೇ ಬರೆ, ನಾನು ತಪ್ಪು ತಿಳಿಯುವುದಿಲ್ಲ.

ನಿನ್ನ ಮಾವ

ಮೇ 28

ಪೂಜ್ಯ ಮಾವನವರಿಗೆ,

ಉತ್ತರ ಬರೆಯಲು ಇಷ್ಟು ತಡವಾದದ್ದಕ್ಕೆ ಕೆಲಸ ಕಾರಣವಲ್ಲ. ಬರೆದು ಬರೆದು ಹರಿದೆ.

ನಕ್ಷೆ ಬರೆದವರು ನಮ್ಮ ಡ್ರಾಯಿಂಗ್ ಸೆಕ್ಷನ್ನಿನವರು. ಹೋದ ವರ್ಷ ಬೇರೆ ಊರಿಂದ ವರ್ಗವಾಗಿ ಬಂದರು. ಒಂದು ದಿನ ಶಾಲೆಗೆ ರಜೆ ಇತ್ತೆಂದು ಗುಬ್ಬಿಯನ್ನು ಕೆಲಸಕ್ಕೆ ಕರೆದೊಯ್ದಿದ್ದೆ. ಇವರು ಅವಳಿಗೆ ಅಳತೆಪಟ್ಟಿ ಕೊಟ್ಟು, "ಈ ಮೇಜು ನನಗೆ ಸರಿಯಾಗಿದೆಯಾ ಅಳೆದು ಹೇಳಮ್ಮ" ಎಂದು ಕೂರಿಸಿದರು. ಸಂಜೆಯವರೆಗೂ ಅವಳು ಇಡೀ ಕೋಣೆ ಅಳೆದಳು. ಅವತ್ತು ರಾತ್ರಿ ಊಟ ಮಾಡುತ್ತಾ, ಅಮ್ಮ ಹೋದ ಮೇಲೆ ಮೊದಲ ಸಲ, ತಾನಾಗಿಯೇ ಮಾತಾಡಿದಳು. ನಿಲ್ಲಿಸಲೇ ಇಲ್ಲ.

ನಾವಿಬ್ಬರೂ ಮದುವೆಯಾಗಬೇಕು ಎಂದುಕೊಂಡಿದ್ದೇವೆ, ಮಾವ. ಆಗಸ್ಟಿನಲ್ಲಿ, ರಿಜಿಸ್ಟ್ರಾರ್ ಕಚೇರಿಯಲ್ಲಿ, ಸದ್ದುಗದ್ದಲವಿಲ್ಲದೆ. ಅವರಿಗೆ ಇರುವುದು ಒಬ್ಬ ಅಣ್ಣ. "ಹೆಂಡತಿ ಸತ್ತವನ ಮನೆಗೆ, ಅದೂ ಮಗು ಇರೋ ಮನೆಗೆ ಹೋಗ್ತೀಯಾ? ಹೋಗು. ನಾನು ಬರಲ್ಲ" ಎಂದಿದ್ದಾನೆ.

ಫೆಬ್ರವರಿಯಲ್ಲಿ ನಿಮ್ಮ ಮೊದಲ ಕಾಗದ ಬಂದಾಗಲೇ ಹೇಳಬೇಕಿತ್ತು. ಆದರೆ ನೀವು ನಮ್ಮನ್ನು ನೋಡಲೆಂದೇ ಕಾರಿನಡಿ ಮಲಗಿ ಬೆವರು ಸುರಿಸುತ್ತಿದ್ದಿರಿ. ಹೇಳಿದ ಮೇಲೆ ಎಲ್ಲಿ ಕೈಬಿಟ್ಟುಬಿಡುತ್ತೀರೋ ಎಂದು ಭಯವಾಯಿತು. ನಿಮ್ಮ ಮಗಳ ಫೋಟೊ ಗೋಡೆಯ ಮೇಲೆ ಇದ್ದಲ್ಲೇ ಇದೆ. ಇವರೇ ಅದನ್ನು ಒರೆಸಿ ನೆಟ್ಟಗೆ ಮಾಡಿದರು, ನಾನು ಹೇಳಿದ್ದಲ್ಲ.

ನೀವು ಬರಲೇಬೇಕು ಎಂದು ಕೇಳುವ ಧೈರ್ಯ ನನಗಿಲ್ಲ. ಗುಬ್ಬಿಯನ್ನು ನೋಡಲು ಯಾವಾಗ ಬಂದರೂ ಬಾಗಿಲು ತೆರೆದಿರುತ್ತದೆ, ಅಷ್ಟು ಮಾತ್ರ ಹೇಳಬಲ್ಲೆ.

ನಿಮ್ಮ ಅಳಿಯ

(ಹೀಗೆ ಸಹಿ ಹಾಕಬಹುದೆಂದು ಇನ್ನೂ ಅಂದುಕೊಂಡಿದ್ದೇನೆ.)

ಜೂನ್ 20

ಮಗು,

ನಾನು ನಿನ್ನ ಅತ್ತೆ. ಕಾಗದ ಬರೆಯುವ ಅಭ್ಯಾಸ ನನಗಿಲ್ಲ, ತಪ್ಪಿದ್ದರೆ ನೀನೇ ತಿದ್ದಿಕೊಂಡು ಓದು. ನಿನ್ನ ಮಾವ ನಿನ್ನ ಕಾಗದ ಓದಿ ನನ್ನ ಕೈಗಿತ್ತು ಶೆಡ್ಡಿಗೆ ಹೋದರು. ಎರಡು ದಿನ ಅಲ್ಲಿಂದ ಸುತ್ತಿಗೆ ಸದ್ದೂ ಇಲ್ಲ. ಮೂರನೇ ದಿನ ನಾನೇ ಹೋಗಿ ನೋಡಿದರೆ ಆ ಅಡ್ಡ ಸರಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. "ಹಾಕೋದೋ ಬೇಡ್ವೋ?" ಅಂತ ನನ್ನನ್ನೇ ಕೇಳಿದರು.

ನನಗೂ ಕಷ್ಟವಾಯಿತು. ಇಲ್ಲ ಅಂದರೆ ಸುಳ್ಳಾಗುತ್ತದೆ. ಅಡುಗೆಮನೆ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ನನ್ನ ಮಗಳ ಜಾಗ ಅನ್ನಿಸಿತು. ಆಮೇಲೆ ಅವಳು ಮಲಗಿದ್ದ ಆ ತಿಂಗಳುಗಳೆಲ್ಲ ಕಣ್ಣಮುಂದೆ ಬಂದವು. ನೀನು ಅವಳ ತಲೆ ಬಾಚುತ್ತಿದ್ದೆ. ಅವಳಿಗೆ ಗಂಟಲಲ್ಲಿ ಇಳಿಯುವುದಿಲ್ಲವೆಂದು ನೀನೂ ಗಂಜಿಯನ್ನೇ ಕುಡಿದೆ. ಹೆತ್ತ ನನಗೇ ಕೆಲವು ದಿನ ಆ ಕೋಣೆಗೆ ಕಾಲಿಡಲು ಧೈರ್ಯವಿರಲಿಲ್ಲ, ನೀನು ಒಂದು ದಿನವೂ ಮುಖ ತಿರುಗಿಸಲಿಲ್ಲ. ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ, ಈಗ ಹೇಳಿದ್ದೇನೆ. ನಿನ್ನ ಋಣ ದೊಡ್ಡದು.

ನೀನು ಮಾವನಿಗೆ ಬರೆದದ್ದು ನಿಜ. ನನಗೆ ತಲೆ ತಿರುಗಿಸುತ್ತಿದ್ದದ್ದು ಬರೀ ಕಾರಲ್ಲ. ಅವತ್ತು ಆಸ್ಪತ್ರೆಗೆ ಬರುವಾಗ ಬಸ್ಸು ಪ್ರತಿ ತಿರುವಿಗೆ ವಾಲಿದಾಗಲೂ ನಾನು, ಇನ್ನೊಂದು ತಿರುವು, ಅವಳಿರುತ್ತಾಳೆ, ಇನ್ನೊಂದು ತಿರುವು, ಅವಳಿರುತ್ತಾಳೆ, ಅಂತ ಹೇಳಿಕೊಂಡು ಬಂದಿದ್ದೆ.

ಹಾಕಿ ಅಂತ ಹೇಳಿದ್ದೇನೆ ನಿನ್ನ ಮಾವನಿಗೆ. ತಾರೀಖು ತಿಳಿಸು. ಗುಬ್ಬಿಗೆ ಉದ್ದ ತೋಳಿನ ಸ್ವೆಟರ್ ಹೆಣೆಯುತ್ತಿದ್ದೇನೆ. ಆ ಹುಡುಗಿಯ ಭುಜದ ಅಳತೆಯನ್ನೂ ಬರೆದು ಕಳಿಸು. ಅಳತೆ ತೆಗೆಯುವುದು ಅವಳಿಗೆ ಚೆನ್ನಾಗಿ ಬರುತ್ತದಲ್ಲ.

ಅತ್ತೆ

ಜುಲೈ 24

ಅಳಿಯನಿಗೆ,

ಎಲ್ಲ ಕೂತಿತು! ಸರಳು, ಅದರ ರಬ್ಬರು, ತುದಿಯ ಕೊಂಡಿಗಳು. ಎಡಗಡೆ ನಟ್ಟನ್ನು ಎರಡಲ್ಲ, ದಿನಕ್ಕೊಂದು ಸಲ ಪರೀಕ್ಷೆ ಮಾಡುತ್ತಿದ್ದೇನೆ. ಕೊನೆಗೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ, ಹೊಸ ಟೈರು ಹಾಕಿಸಿದೆ.

ನಿನ್ನೆ ಕಮಾನು ಅಂಗಡಿಯವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಟ್ಟ ಹತ್ತಿದೆ. ಟಾರು ಕಿತ್ತುಹೋದ ಆ ಜಾಗ ಬಂದಾಗ ಇಬ್ಬರೂ ಉಸಿರು ಬಿಗಿಹಿಡಿದೆವು. ಚಕ್ರ ಹಳ್ಳಕ್ಕೆ ಇಳಿಯಿತು, ಎದ್ದಿತು, ಅಷ್ಟೇ. ಮೈ ನೆಟ್ಟಗೇ ಇತ್ತು. ಮುಂದಿನ ತಿರುವಿನಲ್ಲಿ ಸ್ಟೀರಿಂಗ್ ಎಷ್ಟು ತಿರುಗಿಸಿದೆನೋ ಅಷ್ಟೇ ತಿರುಗಿತು, ಒಂದು ಕೂದಲು ಹೆಚ್ಚಿಲ್ಲ, ಕಡಿಮೆಯಿಲ್ಲ. ನಾನು ಇಷ್ಟು ವರ್ಷ ಓಡಿಸಿದ್ದು ಬೇರೆ ಯಾರದೋ ಕಾರನ್ನು ಅನ್ನಿಸಿಬಿಟ್ಟಿತು. ಮೇಲೆ ಹೋಗಿ ನಿಲ್ಲಿಸಿ ಇಬ್ಬರೂ ಕೈ ಕುಲುಕಿದೆವು. ಅವನು "ಸಾರ್, ಅವತ್ತಿನ ಹಲ್ಲು ಮಾಫಿ" ಎಂದ.

ನಿನ್ನ ಕಾಗದಕ್ಕೆ ನಾನು ಬೇರೆ ಉತ್ತರ ಬರೆದಿಲ್ಲ. ನಿನ್ನ ಅತ್ತೆ ಬರೆದಳು, ಅವಳು ಬರೆದ ಮೇಲೆ ನನ್ನದೇನು ಉಳಿಯಿತು? ಆದರೂ ಒಂದು ಮಾತು. ಕೈಬಿಡುತ್ತೇವೆಂದು ಹೆದರಿದೆ ಅಂದೆಯಲ್ಲ. ಆ ಹೆದರಿಕೆ ನಮಗೂ ಇತ್ತು ಮಾರಾಯ. ಇನ್ನೊಂದು ಮದುವೆಯಾದರೆ ನಾವು ನಿನಗೆ ಯಾರು ಎಂದು ನಾವಿಬ್ಬರೂ ಎಷ್ಟೋ ಸಲ ಒಬ್ಬರಿಗೊಬ್ಬರು ಹೇಳದೆ ಯೋಚಿಸಿದ್ದೇವೆ. ನೀನು ಹೆದರಿದ್ದು ಕೇಳಿ ಸಮಾಧಾನವಾಯಿತು.

ಸಹಿ ಹೇಗೆ ಹಾಕುತ್ತಿದ್ದೆಯೋ ಹಾಗೇ ಹಾಕು. ಮದುವೆಯ ಹಿಂದಿನ ದಿನವೇ ಬರುತ್ತೇವೆ.

ನಿನ್ನ ಮಾವ

ಆಗಸ್ಟ್ 22

ಅಮ್ಮಾ,

ಈ ಕಾಗದ ನಿನಗೇ ಬರೆಯುತ್ತಿದ್ದೇನೆ. ಅಳಿಯನಿಗೆ ಬರೆದರೆ ಅವನು ಸ್ಪ್ರಿಂಗಿನ ಬಗ್ಗೆ ಉತ್ತರ ಬರೆಯುತ್ತಾನೆ.

ಸುಖವಾಗಿ ಊರು ತಲುಪಿದೆವು. ನಿಮ್ಮಲ್ಲಿಗೆ ಬರುವಾಗ ಹೇಗೋ ಹಾಗೇ ವಾಪಸ್ಸಾಗುವಾಗಲೂ ನಿನ್ನ ನಕ್ಷೆಯ ಸರಳು ನಮ್ಮನ್ನು ಕಾಪಾಡಿತು. ಬರುವಾಗ ಮೊದಲ ತಿರುವುಗಳಲ್ಲಿ ನಮ್ಮವಳು ಕಣ್ಣು ಮುಚ್ಚಿ ಕೂತಿದ್ದಳು. ನಾನು ಮಾತಾಡಿಸಲಿಲ್ಲ. ಅರ್ಧ ಬೆಟ್ಟ ಹತ್ತಿದ ಮೇಲೆ ಕಣ್ಣು ಬಿಟ್ಟು, "ಈ ಕಡೆ ಇಷ್ಟೊಂದು ಹೂವು ಬಿಡುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ" ಎಂದಳು. ಅಷ್ಟು ಸಾಕಾಯಿತು ನನಗೆ. ತಿಂಗಳುಗಟ್ಟಲೆ ಗ್ರೀಸ್ ಮೆತ್ತಿಕೊಂಡದ್ದು ಸಾರ್ಥಕ.

ವಾಪಸ್ಸಾಗುವಾಗಂತೂ ಶಾಲೆಗೆ ರಜೆ ಹಾಕಿ ನಮ್ಮೊಡನೆ ಹೊರಟ ಗುಬ್ಬಿ ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ ಹೊಡೆದಳು. ಅವಳ ಹೊಸ ಹಲ್ಲು ನೆಟ್ಟಗೆ ಬರುತ್ತಿದೆ, ಕನ್ನಡಿಯಲ್ಲಿ ನೋಡಿಕೊಂಡೆ.

ಈಗ ನಾನು ಕೇಳಬೇಕಾದ ವಿಷಯ. ಮದುವೆಯ ದಿನ ರಿಜಿಸ್ಟ್ರಾರ್ ಕಚೇರಿಯ ಮುಂದೆ ಜಾಗ ಸಿಗದೆ ನಾನು ಕಾರನ್ನು ಹಿಂದಿನ ಬೀದಿಯಲ್ಲಿ ನಿಲ್ಲಿಸಲು ಹೋದೆನಲ್ಲ, ಅಲ್ಲಿ ಒಬ್ಬ ಮಹಾಶಯ ಸಿಕ್ಕಿಕೊಂಡ. ಅವನ ಹತ್ತಿರವೂ ಇಂಥದೇ ಕಾರಿದೆಯಂತೆ. ಬಗ್ಗಿ ಅಡಿಯಲ್ಲಿ ನೋಡಿ "ಇದೇನು ಸರಳು?" ಎಂದ. ಅಂಥ ಪ್ರಶ್ನೆ ಕೇಳಿದವನನ್ನು ಬಿಟ್ಟುಬರುವುದು ಹೇಗೆ? ವಿವರಿಸಿ ಒಳಗೆ ಓಡಿ ಬರುವಷ್ಟರಲ್ಲಿ ಏನೋ ಆಗಿಹೋಗಿತ್ತು. ನಮ್ಮವಳು ಸೆಟೆದು ನಿಂತಿದ್ದಳು. ನೀನು ಅವಳ ತೋಳು ಹಿಡಿದುಕೊಂಡು ಅಳುತ್ತಿದ್ದೆ. ನನ್ನ ಅಳಿಯ ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸುತ್ತಿದ್ದ. ಗುಮಾಸ್ತನೂ ಮೂಗು ಏರಿಸುತ್ತಿದ್ದ. ನನ್ನನ್ನು ನೋಡಿದ್ದೇ "ಬಂದ್ರಾ? ಇಲ್ಲಿ ಸಹಿ ಹಾಕಿ" ಎಂದು ಪುಸ್ತಕ ತಿರುಗಿಸಿದ, ನಾನು ಹಾಕಿದೆ.

ಏನಾಯಿತು ಎಂದು ದಾರಿಯುದ್ದಕ್ಕೂ ಕೇಳಿದೆ. ನಮ್ಮವಳು "ಏನಿಲ್ಲ ಬಿಡಿ, ರಸ್ತೆ ನೋಡಿ" ಅನ್ನುತ್ತಾಳೆ. ಗುಬ್ಬಿಯನ್ನು ಕೇಳಿದರೆ "ಅಜ್ಜಿ ಬಯ್ದರು" ಅನ್ನುತ್ತಾಳೆ. ಯಾರನ್ನು ಬಯ್ದಳು, ಯಾಕೆ ಬಯ್ದಳು? ನೀನಾದರೂ ಬಿಡಿಸಿ ಬರೆ ತಾಯಿ.

ಡುಮ್ಮಿಯ ಯಜಮಾನ

ಸೆಪ್ಟೆಂಬರ್ 5

ಅಪ್ಪನಿಗೆ,

ಹೀಗೆ ಶುರು ಮಾಡಬಹುದೇ ಎಂದು ಮೊದಲು ಅಮ್ಮನನ್ನು ಫೋನಿನಲ್ಲಿ ಕೇಳಿದೆ. "ಕೇಳೋದೇನು ಇದರಲ್ಲಿ" ಎಂದು ಬಯ್ದರು. ಗುಬ್ಬಿ ಹೇಳಿದ್ದು ನಿಜ, ಅಮ್ಮ ಬಯ್ಯುತ್ತಾರೆ.

ಅವತ್ತು ನಡೆದದ್ದು ಇಷ್ಟು. ನೀವು ಕಾರು ನಿಲ್ಲಿಸಲು ಹೋದಾಗ ಗುಮಾಸ್ತರು ಪುಸ್ತಕ ತೆರೆದರು. ಇವರ ಕಡೆಯಿಂದ ವರ್ಕ್‌ಶಾಪಿನ ಗೆಳೆಯರಿಬ್ಬರು ಸಾಕ್ಷಿಗಳಾಗಿ ಸಹಿ ಹಾಕಿದರು. ಆಮೇಲೆ ಗುಮಾಸ್ತರು ನನ್ನತ್ತ ನೋಡಿ, "ಹುಡುಗಿ ಕಡೆಯವರು ಯಾರು?" ಎಂದರು. ನನ್ನ ಅಣ್ಣ ಕೊನೇ ಗಳಿಗೆಯಲ್ಲಾದರೂ ಬಂದಾನು ಎಂದು ನಾನು ಬಾಗಿಲ ಕಡೆಯೇ ನೋಡುತ್ತಿದ್ದೆ. ಅವನು ಬಂದಿರಲಿಲ್ಲ.  ಗುಮಾಸ್ತರು ಮತ್ತೊಮ್ಮೆ, ಸ್ವಲ್ಪ ಜೋರಾಗಿಯೇ, "ಯಾರೂ ಬಂದಿಲ್ವಾ ಹುಡುಗಿ ಕಡೆಯಿಂದ?" ಎಂದರು. ಕೋಣೆಯಲ್ಲಿ ಬೇರೆ ಜೋಡಿಗಳೂ ಕಾಯುತ್ತಿದ್ದರು, ಎಲ್ಲರೂ ನನ್ನನ್ನೇ ನೋಡಿದರು.

ಹಿಂದಿನ ಬೆಂಚಿನಿಂದ ಅಮ್ಮ ಎದ್ದರು. "ಕಣ್ಣು ಕಾಣಿಸಲ್ವೇನಪ್ಪ ನಿನಗೆ? ಆಗಿಂದ ಇಲ್ಲೇ ಕೂತಿದ್ದೀನಿ. ನಾವೇ ಹುಡುಗಿ ಕಡೆಯವರು" ಎಂದರು.

ಗುಮಾಸ್ತರು ಗಲಿಬಿಲಿಗೊಂಡು, "ನೀವು ಇವರಿಗೆ ಏನಾಗಬೇಕು?" ಎಂದು ಕೇಳಿದರು.

"ತಾಯಿ. ಇವಳ ತಂದೆ ಕಾರು ನಿಲ್ಲಿಸೋಕೆ ಹೋಗಿದ್ದಾರೆ, ಈಗ ಬರ್ತಾರೆ. ಕಾಯಿ."

ಅವರು ಕಾದರು, ಅಪ್ಪ. ನಾನು ಅಮ್ಮನ ತೋಳು ಹಿಡಿದುಕೊಂಡೆ. ಆಮೇಲೆ ನೀವು ಏದುಸಿರು ಬಿಡುತ್ತಾ ಬಂದಿರಿ, ಅವರು ತೋರಿಸಿದ ಕಡೆ ಓದದೆಯೇ ಸಹಿ ಹಾಕಿದಿರಿ. ಅದು ವಧುವಿನ ಕಡೆಯ ಸಾಕ್ಷಿಯ ಜಾಗ, ಪಕ್ಕದಲ್ಲಿ ಗುಮಾಸ್ತರು "ವಧುವಿನ ತಂದೆ" ಎಂದು ಬರೆದಿದ್ದರು.

ನನಗೆ ಸರಿಯಾಗಿ ಓದಿ ಸಹಿ ಹಾಕುವುದೇ ಕೆಲಸ, ನಕ್ಷೆಗಳಲ್ಲಿ ತಪ್ಪಾದರೆ ತಿದ್ದಿ ಮತ್ತೆ ಕಳಿಸುತ್ತೇವೆ. ಅದಕ್ಕೇ ಕೇಳುತ್ತಿದ್ದೇನೆ. ಗೊತ್ತಿಲ್ಲದೆ ಹಾಕಿದ ಸಹಿ ಅದು. ಈಗ ಗೊತ್ತಾಗಿದೆ. ನಿಮ್ಮ ಮನಸ್ಸಿನಲ್ಲಿ ಏನಿದ್ದರೂ ಬರೆಯಿರಿ, ನಾನು ತಪ್ಪು ತಿಳಿಯುವುದಿಲ್ಲ.

ಸ್ವೆಟರ್ ಭುಜಕ್ಕೆ ಸರಿಯಾಗಿ ಕೂತಿದೆ. ಕಚೇರಿಯಲ್ಲಿ ಫ್ಯಾನ್ ಕೆಳಗೂ ಹಾಕಿಕೊಂಡೇ ಕೂತಿರುತ್ತೇನೆ, ಎಲ್ಲರೂ ನಗುತ್ತಾರೆ.

ನಕ್ಷೆ ಬರೆದವಳು

ಸೆಪ್ಟೆಂಬರ್ 12

ಮಗಳೇ,

ಓದಿದ್ದರೂ ಅಲ್ಲೇ ಹಾಕುತ್ತಿದ್ದೆ. ಅಕ್ಷರ ಮಾತ್ರ ಇನ್ನೂ ಸ್ವಲ್ಪ ದೊಡ್ಡದಾಗಿ ಬರೆಯುತ್ತಿದ್ದೆ.

ನಿನ್ನ ಅಪ್ಪ